ಮತ ಹಾಕಿ ಕಾಡಿಗೆ ಅಂತ ಎತ್ತಿಟ್ಟ ದುಡ್ಡು ಬೇರೆ ಕಡೆ ಹೋದರೆ ನಾವೇನು ಮಾಡಬಹುದು? (ಫ್ಲೋರಿಡಾ)

ಟ್ಯಾಂಪಾ ಶರಾವತಿ:

ಫ್ಲೋರಿಡಾದಲ್ಲಿ ಇರುವವರು, ಇಲ್ಲಿಯ ಬಜೆಟ್ ವಿಷಯ ಸ್ವಲ್ಪ ಗೊತ್ತಿರುವವರು ದಯವಿಟ್ಟು ಹೇಳಿ.

2014ರ ನವೆಂಬರ್ ಚುನಾವಣೆಯಲ್ಲಿ ಇಲ್ಲಿ ಅಮೆಂಡ್‌ಮೆಂಟ್ 1 ಮತಕ್ಕೆ ಬಂದಿತ್ತು. ಮನೆ, ಜಮೀನು ಕೈ ಬದಲಾಗುವಾಗ ಕಟ್ಟುವ ಡಾಕ್ ಸ್ಟ್ಯಾಂಪ್ ತೆರಿಗೆ ಇದೆಯಲ್ಲ, ನಮ್ಮೂರಿನ ಸ್ಟ್ಯಾಂಪ್ ಡ್ಯೂಟಿ ಥರದ್ದು, ಅದರ ನಿವ್ವಳ ಆದಾಯದಲ್ಲಿ ಕಡಿಮೆ ಅಂದ್ರೂ ಶೇ. 33ರಷ್ಟನ್ನು 20 ವರ್ಷ ಕಾಡು, ಜೌಗು, ನದಿ, ಬುಗ್ಗೆಗಳಿಗೆ ಮೀಸಲಿಡಬೇಕು ಅಂತ ರಾಜ್ಯದ ಸಂವಿಧಾನದಲ್ಲೇ ಬರೆಯುವ ಪ್ರಸ್ತಾವ ಅದು. ಅದನ್ನು ಮತಪತ್ರಕ್ಕೆ ತರಲು 6.83 ಲಕ್ಷ ಸಹಿ ಬೇಕಿತ್ತು. ಗೆಲ್ಲಲು ಶೇ. 60 ಮತ ಬೇಕಿತ್ತು, ಸಿಕ್ಕಿದ್ದು ಹತ್ತಿರ ಹತ್ತಿರ ಶೇ. 75. ಅದೇ ದಿನ ಗವರ್ನರ್ ಆಗಿ ಮತ್ತೆ ಗೆದ್ದ ರಿಕ್ ಸ್ಕಾಟ್‌ಗೆ ಬಂದದ್ದು ಶೇ. 48. ಅಂದ್ರೆ ಎರಡೂ ಪಕ್ಷದವರು ಕೂಡಿ ಹೌದು ಅಂದಿದ್ದರು. ಪೌರತ್ವ ಬಂದ ಮೇಲೆ ನಾನು ಹಾಕಿದ ಮೊದಲ ಮತಗಳಲ್ಲಿ ಅದೂ ಒಂದು.

ಮೊನ್ನೆ ನಮ್ಮ ಹಳೇ ಮನೆ ಮಾರಿದೆವು. ಕ್ಲೋಸಿಂಗ್ ಪೇಪರ್ ನೋಡುತ್ತಿದ್ದಾಗ ಡಾಕ್ ಸ್ಟ್ಯಾಂಪ್ ಅನ್ನೋ ಸಾಲು ಕಣ್ಣಿಗೆ ಬಿತ್ತು. 100 ಡಾಲರ್‌ಗೆ 70 ಸೆಂಟ್ ಲೆಕ್ಕ. 4 ಲಕ್ಷ ಡಾಲರ್ ಮನೆಗೆ 2,800 ಡಾಲರ್. ಅದರಲ್ಲಿ ಸುಮಾರು 900 ಡಾಲರ್ ಕಾಡಿಗೆ ಹೋಗುತ್ತೆ ಅಂತ ಖುಷಿಯಾಯ್ತು. ಆಮೇಲೆ ಸುಮ್ನೆ ಕುತೂಹಲಕ್ಕೆ ಆ ದುಡ್ಡು ಎಲ್ಲೆಲ್ಲಿ ಖರ್ಚಾಗಿದೆ ಅಂತ ಹುಡುಕಿದೆ. ಇಲಾಖೆಗಳ ಸಂಬಳ, ವಾಹನ, ವಿಮೆಯ ಕಂತು ಇದೆಲ್ಲ ಸಿಕ್ಕಿತು. ಒಂದು ವರ್ಷವಂತೂ ಜಮೀನು ಕೊಳ್ಳುವ ಮುಖ್ಯ ಯೋಜನೆಗೆ ಸೊನ್ನೆ ಕೊಟ್ಟಿದ್ದಾರಂತೆ. ನಿಜವಾ?

ಸಂವಿಧಾನದಲ್ಲಿ ಬರೆದಿದ್ದನ್ನೇ ಹೀಗೆ ತಿರುಗಿಸಬಹುದು ಅಂದ್ರೆ ಜನ ಮತ ಹಾಕಿದ್ದಕ್ಕೆ ಏನು ಬೆಲೆ? ಕೋರ್ಟಿಗೆ ಹೋದವರು ಯಾರೂ ಇಲ್ವಾ? ನಮ್ಮಂಥವರು ಮಾಡಬಹುದಾದ ಕೆಲಸ ಏನಾದರೂ ಇದೆಯಾ? 20 ವರ್ಷದ ಅವಧಿ 2035ಕ್ಕೆ ಮುಗಿಯುತ್ತೆ, ಅರ್ಧಕ್ಕಿಂತ ಜಾಸ್ತಿ ಈಗಾಗಲೇ ಕಳೆದುಹೋಗಿದೆ.

ಬಜೆಟ್ ಪುಸ್ತಕ:

ಶರಾವತಿ ಅಕ್ಕ, ನಿಜ. ಸೊನ್ನೆ ಕೊಟ್ಟಿದ್ದು 2017ರ ಬಜೆಟ್‌ನಲ್ಲಿ. ಸ್ವಲ್ಪ ಹಿಂದಿನಿಂದ ಹೇಳ್ತೀನಿ, ಇಲ್ಲಾಂದ್ರೆ ಸಿಟ್ಟು ಎಲ್ಲಿ ಹಾಕಬೇಕು ಅನ್ನೋದು ತಿಳಿಯಲ್ಲ.

ಫ್ಲೋರಿಡಾದಲ್ಲಿ ಜಮೀನು ಕೊಂಡು ಉಳಿಸುವ ಕೆಲಸ ಹಳೆಯದು. 1990ರಲ್ಲಿ ಪ್ರಿಸರ್ವೇಷನ್ 2000 ಬಂತು, 2001ರಿಂದ ಫ್ಲೋರಿಡಾ ಫಾರೆವರ್. ನೀವು ಹೇಳಿದ ಮುಖ್ಯ ಯೋಜನೆ ಇದೇ. ಎರಡಕ್ಕೂ ವರ್ಷಕ್ಕೆ 30 ಕೋಟಿ ಡಾಲರ್ ಅಂದಾಜು. ಎರಡೂ ಸೇರಿ 20 ಲಕ್ಷ ಎಕರೆಗೂ ಹೆಚ್ಚು ಜಾಗ ಉಳಿಯಿತು. 2008ರಲ್ಲಿ ಮನೆ ಮಾರುಕಟ್ಟೆ ಬಿದ್ದಾಗ ಶಾಸಕರು ಈ ದುಡ್ಡಿಗೆ ಕತ್ತರಿ ಹಾಕಿದರು. ಮಾರುಕಟ್ಟೆ ಚೇತರಿಸಿಕೊಂಡರೂ ಹಳೇ ಮೊತ್ತ ವಾಪಸ್ ಬರಲಿಲ್ಲ. ಇವರನ್ನು ನಂಬಿ ಕೂತರೆ ಆಗಲ್ಲ ಅಂತಲೇ ಜನ ಸಹಿ ಸಂಗ್ರಹಿಸಿ ಅಮೆಂಡ್‌ಮೆಂಟ್ 1 ತಂದಿದ್ದು.

2015ರ ಜುಲೈನಿಂದ ಅದು ಜಾರಿಗೆ ಬಂತು. ಮೊದಲ ವರ್ಷವೇ 70 ಕೋಟಿ ಡಾಲರಿಗೂ ಜಾಸ್ತಿ ಬರುತ್ತೆ ಅನ್ನುವ ಲೆಕ್ಕ ಇತ್ತು. ಹೋರಾಟಗಾರರು ಫ್ಲೋರಿಡಾ ಫಾರೆವರ್‌ಗೆ ಹಳೇ 30 ಕೋಟಿಯನ್ನಾದರೂ ಕೊಡಿ ಅಂದರು. ಕೊಟ್ಟಿದ್ದು 2 ಕೋಟಿಗೂ ಕಡಿಮೆ. ಮಿಕ್ಕಿದ್ದರಲ್ಲಿ ಒಂದಷ್ಟು ಹಳೇ ಬಾಂಡ್ ಸಾಲ ತೀರಿಸಲು, ಒಂದಷ್ಟು ದಕ್ಷಿಣದ ದೊಡ್ಡ ಜೌಗು ಪ್ರದೇಶ ಎವರ್‌ಗ್ಲೇಡ್ಸ್‌ಗೆ ಹೋಯಿತು. ಅದರ ಬಗ್ಗೆ ತಕರಾರಿಲ್ಲ. ದೊಡ್ಡ ಪಾಲು ಹೋಗಿದ್ದು ಇಲಾಖೆಗಳ ದಿನನಿತ್ಯದ ಖರ್ಚಿಗೆ.

ಇಲ್ಲಿ ನಡೆದ ಕೆಲಸ ನೇರವಾದ ಕಳ್ಳತನ ಅಲ್ಲ, ಅದಕ್ಕೇ ಹಿಡಿಯೋದು ಕಷ್ಟ. ಮೊಮ್ಮಗನ ಕಾಲೇಜು ಫೀಸಿಗೆ ಅಂತ ಅಜ್ಜಿ ವರ್ಷಕ್ಕೆ 50 ಸಾವಿರ ಕೊಟ್ಟರು ಅಂದುಕೊಳ್ಳಿ. ಅಪ್ಪ ಅದನ್ನು ಫೀಸಿಗೇ ಕಟ್ಟುತ್ತಾನೆ, ರಸೀದಿನೂ ತೋರಿಸುತ್ತಾನೆ. ಆದರೆ ತಾನು ಅದುವರೆಗೆ ಕಟ್ಟುತ್ತಿದ್ದ 50 ಸಾವಿರವನ್ನು ತೆಗೆದುಕೊಂಡು ಕಾರಿನ ಕಂತಿಗೆ ಹಾಕುತ್ತಾನೆ. ಹುಡುಗನಿಗೆ ಒಂದು ರೂಪಾಯಿನೂ ಜಾಸ್ತಿ ಸಿಗಲಿಲ್ಲ, ಅಜ್ಜಿಯ ದುಡ್ಡು ಮಾತ್ರ ಖಾಲಿ. ಅಮೆಂಡ್‌ಮೆಂಟ್ 1ಕ್ಕೆ ಆಗಿದ್ದೂ ಇದೇ. ಮೊದಲು ಬೇರೆ ಬಾಬತ್ತಿನಿಂದ ಹೋಗುತ್ತಿದ್ದ ಸಂಬಳ, ವಿಮೆ, ವಾಹನಗಳನ್ನು ಈ ನಿಧಿಗೆ ತಗುಲಿಸಿದರು. ಹಾಗೆ ಉಳಿದ ಸಾಮಾನ್ಯ ಖಜಾನೆಯ ದುಡ್ಡು ಎಲ್ಲಿ ಬೇಕಾದರೂ ಹೋಗಬಹುದಾಯ್ತು.

ಬಜೆಟ್ ಮಸೂದೆಯಲ್ಲಿ ಇದನ್ನು ನೀವೇ ಕಣ್ಣಾರೆ ನೋಡಬಹುದು. ಪರಿಸರ ಇಲಾಖೆಯ ಭಾಗ ತೆರೆಯಿರಿ. 'ಸಂಬಳ ಮತ್ತು ಸವಲತ್ತು' ಅಂತ ಒಂದು ಬಾಬತ್ತು ಇರುತ್ತೆ, ಪಕ್ಕದಲ್ಲಿ ಎಷ್ಟು ಹುದ್ದೆ ಅಂತ ಸಂಖ್ಯೆ. ಅದರ ಕೆಳಗೆ ದುಡ್ಡು ಯಾವ ನಿಧಿಯಿಂದ ಅಂತ ಒಂದೊಂದೇ ಸಾಲು: ಜನರಲ್ ರೆವಿನ್ಯೂ (ಅಂದ್ರೆ ಸಾಮಾನ್ಯ ಖಜಾನೆ) ಇಷ್ಟು, ಲ್ಯಾಂಡ್ ಅಕ್ವಿಸಿಷನ್ ಟ್ರಸ್ಟ್ ಫಂಡ್ ಇಷ್ಟು. ಈ ಎರಡನೇದೇ ನಾವು ಮತ ಹಾಕಿದ ನಿಧಿ. ಇನ್ನೂ ಕೆಳಗೆ ಹೋದರೆ ರಿಸ್ಕ್ ಮ್ಯಾನೇಜ್‌ಮೆಂಟ್ ವಿಮೆ ಅನ್ನೋ ಬಾಬತ್ತಿನಲ್ಲೂ ಅದೇ ಹೆಸರು.

ಕೋರ್ಟಿನ ಕಥೆ. ಫ್ಲೋರಿಡಾ ವೈಲ್ಡ್‌ಲೈಫ್ ಫೆಡರೇಷನ್, ಸಿಯೆರಾ ಕ್ಲಬ್, ಫ್ಲೋರಿಡಾ ಡಿಫೆಂಡರ್ಸ್ ಆಫ್ ದಿ ಎನ್ವಿರಾನ್‌ಮೆಂಟ್ ಮುಂತಾದವರು 2015ರಲ್ಲೇ ಕೇಸು ಹಾಕಿದರು. 2018ರ ಜೂನ್‌ನಲ್ಲಿ ಲಿಯಾನ್ ಕೌಂಟಿಯ ನ್ಯಾಯಾಧೀಶ ಚಾರ್ಲ್ಸ್ ಡಾಡ್ಸನ್, ಕೇಸು ಹಾಕಿದವರ ಪರವಾಗಿ ತೀರ್ಪು ಕೊಟ್ಟರು. ಈ ದುಡ್ಡು ಹೊಸದಾಗಿ ಜಾಗ ಕೊಳ್ಳಲು ಮತ್ತು ಹಾಗೆ ಕೊಂಡ ಜಾಗವನ್ನು ಸುಧಾರಿಸಲು ಮಾತ್ರ ಅಂದರು. ಎಲ್ಲರೂ ಗೆದ್ದೆವು ಅಂದುಕೊಂಡರು. 2019ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ತಳ್ಳಿಹಾಕಿತು. 2015ಕ್ಕಿಂತ ಮೊದಲು ಕೊಂಡ ಜಾಗಗಳಿಗೂ ಖರ್ಚು ಮಾಡಬಹುದು, ಅಷ್ಟು ಸಂಕುಚಿತ ಅರ್ಥ ಬೇಡ ಅಂತ ಹೇಳಿ ಕೆಳಗಿನ ಕೋರ್ಟಿಗೇ ವಾಪಸ್ ಕಳಿಸಿತು. 2022ರ ಜನವರಿಯಲ್ಲಿ ಇನ್ನೊಬ್ಬ ನ್ಯಾಯಾಧೀಶ ಲೇನ್ ಸ್ಮಿತ್, 2015-16ರ ದುಡ್ಡು ಯಾವಾಗಲೋ ಖರ್ಚಾಗಿ ಹೋಗಿದೆ, ಇನ್ನು ತೀರ್ಮಾನ ಮಾಡಲು ಏನೂ ಉಳಿದಿಲ್ಲ ಅಂತ ಕೇಸನ್ನೇ ವಜಾ ಮಾಡಿದರು. ಆರೂವರೆ ವರ್ಷ ಎಳೆದು ಕೊನೆಗೆ ತಡವಾಯ್ತು ಅನ್ನೋ ಕಾರಣಕ್ಕೇ ಮುಚ್ಚಿದರೆ ಯಾರಿಗೆ ಬೇಜಾರಾಗಲ್ಲ ಹೇಳಿ?

ಹಾಗಾಗಿ ಕೋರ್ಟ್ ಮೇಲೆ ಮಾತ್ರ ಭರವಸೆ ಇಡಬೇಡಿ. ಹಣ ಖರ್ಚಾಗುವ ಮೊದಲು, ಬಜೆಟ್ ಬರೆಯುವ ಹೊತ್ತಿಗೇ ಹಿಡಿಯಬೇಕು.

ಪೈನ್ ತೋಪು:

ಮೇಲಿನವರು ಹೇಳಿದ್ದರಲ್ಲಿ ಬಹುಪಾಲು ಒಪ್ತೀನಿ. ಆದರೆ ಸಂಬಳ ಅಂದ ತಕ್ಷಣ ಅನ್ಯಾಯ ಅನ್ನಬೇಡಿ ಸರ್. ನಾನು ಗೇನ್ಸ್‌ವಿಲ್ ಕಡೆ ಸಂರಕ್ಷಿತ ಜಾಗಗಳ ನಿರ್ವಹಣೆ ಕೆಲಸದಲ್ಲಿ ಇರುವವನು.

ಇಲ್ಲಿಯ ಲಾಂಗ್‌ಲೀಫ್ ಪೈನ್ ಕಾಡಿಗೆ ಎರಡು ಮೂರು ವರ್ಷಕ್ಕೊಮ್ಮೆ ನಾವೇ ಬೆಂಕಿ ಕೊಡಬೇಕು. ಬೆಳಗ್ಗೆ ಗಾಳಿ, ತೇವ ಎಲ್ಲ ನೋಡಿ, ಪರ್ಮಿಟ್ ತೆಗೆದುಕೊಂಡು, ಸುತ್ತ ಬೆಂಕಿಗೆರೆ ಕಡಿದು, ಉರಿಯುವ ಎಣ್ಣೆ ಹನಿಸುವ ಡ್ರಿಪ್ ಟಾರ್ಚ್ ಕೈಯಲ್ಲಿ ಹಿಡಿದು ಗಾಳಿಗೆ ಎದುರಾಗಿ ಸಾಲು ಸಾಲಾಗಿ ಹಚ್ಚುತ್ತಾ ಹೋಗ್ತೀವಿ. ಬೆಂಕಿ ಮೊಣಕಾಲೆತ್ತರದಲ್ಲಿ ನಿಧಾನ ಸರಿಯುತ್ತೆ, ಹುಲ್ಲು ಸುಡುತ್ತೆ, ಪೈನ್‌ಗೆ ಏನೂ ಆಗಲ್ಲ. ಕೆಲವು ವಾರದಲ್ಲಿ ವೈರ್‌ಗ್ರಾಸ್ ಅನ್ನೋ ಹುಲ್ಲು ಹಸಿರಾಗಿ ಚಿಗುರುತ್ತೆ. ಈ ಕೆಲಸ ಒಂದೈದಾರು ವರ್ಷ ನಿಂತರೆ ಓಕ್ ಗಿಡ, ಪೊದೆ ಎದ್ದು ಕಾಡೇ ಮುಚ್ಚಿಕೊಳ್ಳುತ್ತೆ. ಬದುಕಿರುವ ಪೈನ್ ಮರದಲ್ಲೇ ಗೂಡು ಕೊರೆಯುವ ರೆಡ್ ಕಾಕೇಡೆಡ್ ಮರಕುಟಿಗ ಅಂಥ ಕಾಡು ಬಿಟ್ಟು ಹೋಗಿಬಿಡುತ್ತೆ. ದಕ್ಷಿಣದ ಕಡೆ ಬ್ರೆಜಿಲಿಯನ್ ಪೆಪ್ಪರ್, ಮೆಲಲೂಕ ಅಂತ ಹೊರಗಿನ ಗಿಡಗಳ ಕಾಟ ಬೇರೆ. ಇದನ್ನೆಲ್ಲ ಜನರೇ ಮಾಡಬೇಕು, ಆ ಜನರಿಗೆ ಸಂಬಳ ಬೇಕು. ಜಾಗ ಕೊಂಡು ಬೇಲಿ ಹಾಕಿ ಬಿಟ್ಟರೆ ಅದು ಉಳಿಯಲ್ಲ.

ಅಮೆಂಡ್‌ಮೆಂಟ್ 1ರ ಪಠ್ಯದಲ್ಲೇ ನಿರ್ವಹಣೆ, ಪುನಶ್ಚೇತನ ಅನ್ನುವ ಪದಗಳು ಇವೆ. ಮೇಲ್ಮನವಿ ಕೋರ್ಟ್ ಹೇಳಿದ್ದರಲ್ಲಿ ಅರ್ಥ ಇಲ್ಲದೇ ಇಲ್ಲ. ನನ್ನ ತಕರಾರು ಬೇರೆ. ಈ ನಿಧಿಯಿಂದ ಬೆಂಕಿ ತಂಡಕ್ಕೆ ಸಂಬಳ ಕೊಡಲಿ, ಸಂತೋಷ. ತಂಡ ದೊಡ್ಡದಾಯ್ತಾ? ಸುಡುವ ಎಕರೆ ಜಾಸ್ತಿ ಆಯ್ತಾ? ಮೊದಲು ಇದ್ದಷ್ಟೇ ಜನ, ಸಂಬಳದ ಮೂಲ ಮಾತ್ರ ಬದಲು ಅಂದ್ರೆ ಆಗ ಅದು ಮೋಸ. ನೀವು ಕೇಳಬೇಕಾದ್ದು 'ಸಂಬಳಕ್ಕೆ ಯಾಕೆ ಕೊಟ್ಟಿರಿ' ಅಂತ ಅಲ್ಲ. 'ಇದರಿಂದ ಹೊಸದಾಗಿ ಏನು ಆಯ್ತು' ಅಂತ. ಮೊದಲನೇ ಪ್ರಶ್ನೆ ಕೇಳಿದರೆ ಅವರು ನಮ್ಮಂಥ ರೇಂಜರ್‌ಗಳನ್ನೇ ಮುಂದೆ ನಿಲ್ಲಿಸಿ, ಇವರ ಕೆಲಸ ತೆಗೆಯಬೇಕಾ ಅಂತ ನಿಮ್ಮ ಬಾಯಿ ಮುಚ್ಚಿಸುತ್ತಾರೆ.

ಮಿನಿಯಾಪೊಲಿಸ್ ಮಾವ:

ನಾನು ಮಿನೆಸೋಟಾದವನು. ನಿಮ್ಮ ಫ್ಲೋರಿಡಾದ ತೊಂದರೆ ಇರೋದು ಬರೆದ ಪಠ್ಯದಲ್ಲೇ. ಸಾಮಾನ್ಯ ಖಜಾನೆ ಜತೆ ಬೆರೆಸಬಾರದು ಅಂತ ಬರೆದಿದ್ದಾರೆ, ಆದರೆ ಹಳೇ ಖರ್ಚಿನ ಜಾಗಕ್ಕೆ ಇದನ್ನು ತುಂಬಬಾರದು ಅಂತ ಬರೆದಿಲ್ಲ. ಬಾಗಿಲು ತೆರೆದಿದ್ದೇ ಅಲ್ಲಿ.

ನಮ್ಮಲ್ಲಿ 2008ರಲ್ಲಿ ಲೆಗಸಿ ಅಮೆಂಡ್‌ಮೆಂಟ್ ಪಾಸಾಯ್ತು. ಮಾರಾಟ ತೆರಿಗೆಯನ್ನು ಶೇಕಡಾ ಒಂದರ ಎಂಟನೇ ಮೂರು ಭಾಗದಷ್ಟು ಏರಿಸಿ 2034ರವರೆಗೆ ನೀರು, ಬೇಟೆ ಮೀನುಗಾರಿಕೆಯ ನೆಲೆಗಳು, ಪಾರ್ಕು, ಕಲೆ ಇವಕ್ಕೆ ಹಂಚುವ ತಿದ್ದುಪಡಿ. ಅದರಲ್ಲಿ ಈ ಹಣ ಹಳೇ ಮೂಲಗಳಿಗೆ ಹೆಚ್ಚುವರಿ ಆಗಬೇಕು, ಬದಲಿ ಆಗಬಾರದು ಅಂತ ಸಂವಿಧಾನದಲ್ಲೇ ಇದೆ. ಹಾಗಂತ ಶಾಸಕರು ಸುಮ್ಮನಿರ್ತಾರೆ ಅಂತ ಅಲ್ಲ. ನಮ್ಮಲ್ಲಿ ಇನ್ನೊಂದು ನಿಧಿ ಇದೆ, 1988ರಲ್ಲಿ ಮತ ಹಾಕಿ ಮಾಡಿದ್ದು, ಲಾಟರಿಯ ನಿವ್ವಳ ಆದಾಯದ ಶೇ. 40 ಅದಕ್ಕೆ. 2018ರಲ್ಲಿ ಶಾಸಕರು ಸುಮಾರು 9.8 ಕೋಟಿ ಡಾಲರಿನ ಕಾಮಗಾರಿಗಳಿಗೆ ಸಾಲ ಎತ್ತಿ, ಅದನ್ನು ಈ ನಿಧಿಯಿಂದ ವರ್ಷಗಟ್ಟಲೆ ತೀರಿಸೋಣ ಅಂತ ಹೊರಟರು. ಕೊಳಚೆ ನೀರಿನ ಘಟಕಗಳೂ ಅದರಲ್ಲಿ ಇದ್ದವು. ಕೊಳಚೆ ನೀರು ಶುದ್ಧ ಮಾಡೋದು ಒಳ್ಳೇ ಕೆಲಸವೇ, ಆದರೆ ಅದಕ್ಕೆ ರಾಜ್ಯ ಮೊದಲಿನಿಂದಲೂ ಬೇರೆ ಸಾಲಪತ್ರಗಳಿಂದ ದುಡ್ಡು ಕೊಡುತ್ತಿತ್ತು. ಪರಿಸರ ಸಂಘಟನೆಗಳು ಕೋರ್ಟಿಗೆ ಹೋದವು. 2019ರಲ್ಲಿ ಶಾಸನಸಭೆಯೇ ಅದನ್ನು ವಾಪಸ್ ತೆಗೆದುಕೊಂಡಿತು. 2024ರಲ್ಲಿ ಆ ನಿಧಿಯನ್ನು 2050ರವರೆಗೆ ಮುಂದುವರಿಸಲು ಮತ ಹಾಕಿದಾಗ ಕೊಳಚೆ ನೀರಿನ ಘಟಕಕ್ಕೆ ಬಳಸಬಾರದು ಅನ್ನೋದನ್ನೂ ಸೇರಿಸಿದರು. ಶೇ. 77ರಷ್ಟು ಜನ ಹೌದು ಅಂದರು. ಯಾವ ಕಿಂಡಿಯಿಂದ ದುಡ್ಡು ಹೋಯ್ತೋ ಆ ಕಿಂಡಿಯ ಹೆಸರು ಹೇಳಿಯೇ ಮುಚ್ಚಿದರು. ನನಗೆ ಇದು ಬಹಳ ಇಷ್ಟವಾಯ್ತು.

ಟೆಕ್ಸಾಸ್‌ನವರೂ ಹೀಗೇ ಮಾಡಿದ್ದಾರೆ. ಕ್ರೀಡಾ ಸಾಮಾನಿನ ಮಾರಾಟ ತೆರಿಗೆ ಪಾರ್ಕುಗಳಿಗೆ ಅಂತ 1993ರಲ್ಲೇ ಕಾನೂನು ಇತ್ತು, ಆದರೆ ಶಾಸಕರು ವರ್ಷ ವರ್ಷ ತಮಗೆ ತೋಚಿದಷ್ಟೇ ಬಿಡುತ್ತಿದ್ದರು. 2019ರಲ್ಲಿ ಪ್ರೊಪೊಸಿಷನ್ 5 ಬಂತು, ಶೇ. 88 ಮತ. ಈಗ ಅದನ್ನು ಕಡಿತ ಮಾಡಬೇಕಾದರೆ ಎರಡೂ ಸದನಗಳಲ್ಲಿ ಮೂರನೇ ಎರಡು ಬಹುಮತ ಬೇಕು, ಆಗಲೂ ಅರ್ಧಕ್ಕಿಂತ ಹೆಚ್ಚು ಕತ್ತರಿಸುವ ಹಾಗಿಲ್ಲ.

ಉಲ್ಟಾ ಉದಾಹರಣೆಗೆ ಅಯೋವಾ ನೋಡಿ. 2010ರಲ್ಲಿ ಶೇ. 63 ಜನ ಮತ ಹಾಕಿ ನಿಧಿ ಮಾಡಿದರು. ಮುಂದೆ ಮಾರಾಟ ತೆರಿಗೆ ಏರಿಸಿದಾಗ ಮಾತ್ರ ಅದಕ್ಕೆ ದುಡ್ಡು ಬರುತ್ತೆ ಅಂತ ಬರೆದಿತ್ತು. ತೆರಿಗೆ ಏರಿಸಲೇ ಇಲ್ಲ, ನಿಧಿ ಖಾಲಿಯೇ ಇದೆ. ಮೇನ್ ರಾಜ್ಯದಲ್ಲಿ 2015ರಲ್ಲಿ ಗವರ್ನರ್ ಪಾಲ್ ಲಪೇಜ್, ಜನ ಒಪ್ಪಿದ ಜಮೀನು ಸಂರಕ್ಷಣೆಯ ಬಾಂಡ್‌ಗಳನ್ನು ಬಿಡುಗಡೆ ಮಾಡದೆ ತಡೆಹಿಡಿದರು. ಸರ್ಕಾರಿ ಕಾಡಿನಲ್ಲಿ ಮರ ಕಡಿಯೋದು ಜಾಸ್ತಿ ಮಾಡಿ ಅದರ ದುಡ್ಡನ್ನು ಬೇರೆ ಯೋಜನೆಗೆ ಕೊಡಿ ಅನ್ನೋದು ಅವರ ಷರತ್ತು. ಬ್ಯಾಲೆಟ್‌ನಲ್ಲಿ ಗೆದ್ದರೆ ಕೆಲಸ ಮುಗೀತು ಅಂದುಕೊಳ್ಳೋದೇ ಇಲ್ಲಿ ದೊಡ್ಡ ಅಪಾಯ ಅಂತ ನನಗನ್ನಿಸುತ್ತೆ.

ಬಸವನಗುಡಿ ಬೆಂಚು:

ಬೆಂಗಳೂರಿನಿಂದ ಓದ್ತಾ ಇದ್ದೀನಿ. ನಮ್ಮಲ್ಲಿ ಹೀಗೆ ಜನ ಸಹಿ ಹಾಕಿ ಮತಕ್ಕೆ ತರುವ ದಾರಿಯೇ ಇಲ್ಲ, ಆದರೆ ರೋಗ ಒಂದೇ ಅಲ್ವಾ? ಕಾಂಪಾ ನಿಧಿ ನೋಡಿ. ಗಣಿ, ಅಣೆಕಟ್ಟು, ರಸ್ತೆಗೆ ಕಾಡು ಕೊಟ್ಟಾಗ ಬದಲಿ ಅರಣ್ಯಕ್ಕೆ ಅಂತ ವಸೂಲಿ ಮಾಡಿದ ದುಡ್ಡು ಅದು. 2016ರಲ್ಲಿ ಕಾನೂನಾಯ್ತು, 2019ರಲ್ಲಿ ರಾಜ್ಯಗಳಿಗೆ 47 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಹಂಚಿದರು. ಉತ್ತರಾಖಂಡದಲ್ಲಿ ಅದರ ದುಡ್ಡಿನಿಂದ ಐಫೋನ್, ಲ್ಯಾಪ್‌ಟಾಪ್, ಫ್ರಿಜ್ ಕೊಂಡಿದ್ದು 2025ರ ಸಿಎಜಿ ವರದಿಯಲ್ಲಿ ಬಂತು. ಕಲ್ಲಿದ್ದಲಿನ ಮೇಲೆ 2010ರಲ್ಲಿ ಹಾಕಿದ ಸೆಸ್ ಕೂಡ ಶುದ್ಧ ಇಂಧನಕ್ಕೆ ಅಂತಲೇ ಶುರುವಾಗಿದ್ದು, 2017ರಲ್ಲಿ ಜಿಎಸ್‌ಟಿ ಪರಿಹಾರದ ಲೆಕ್ಕಕ್ಕೆ ಸೇರಿಹೋಯ್ತು.

ಆದರೆ ಐಫೋನ್ ವಿಷಯ ಗೊತ್ತಾಗಿದ್ದು ಯಾರೋ ಬಿಲ್ ಬಿಲ್ ಕೂತು ನೋಡಿದ್ದಕ್ಕೆ. ನಿಮ್ಮಲ್ಲಿ ಲೆಕ್ಕಪರಿಶೋಧನೆ ಯಾರು ಮಾಡ್ತಾರೆ? ಅಮೆಂಡ್‌ಮೆಂಟ್ 1ರಲ್ಲಿ ಅಂಥ ಸಮಿತಿ ಇದೆಯಾ?

ಬಜೆಟ್ ಪುಸ್ತಕ:

ಬೆಂಚು ಸರ್, ಒಳ್ಳೇ ಪ್ರಶ್ನೆ. ತಿದ್ದುಪಡಿಯಲ್ಲಿ ನಾಗರಿಕರ ಕಾವಲು ಸಮಿತಿ ಅಂತ ಇಲ್ಲ. ಎಲ್ಲ ಶಾಸಕರ ಕೈಯಲ್ಲೇ. ಕೌಂಟಿ ಮಟ್ಟದಲ್ಲಿ ಪರಿಸ್ಥಿತಿ ಎಷ್ಟೋ ವಾಸಿ. ಶರಾವತಿ ಅವರ ಹಿಲ್ಸ್‌ಬರೋ ಕೌಂಟಿಯಲ್ಲೇ ಇ-ಲ್ಯಾಪ್ ಅಂತ ಜಮೀನು ಕೊಳ್ಳುವ ಕಾರ್ಯಕ್ರಮ ಇದೆ, 2008ರಲ್ಲಿ 20 ಕೋಟಿ ಡಾಲರ್ ಬಾಂಡ್‌ಗೆ ಜನ ಭಾರೀ ಬಹುಮತದಿಂದ ಒಪ್ಪಿದ್ದರು. ಯಾವ ಜಾಗ ಕೊಳ್ಳಬೇಕು ಅನ್ನೋದರಲ್ಲಿ ಅಲ್ಲಿ ನಾಗರಿಕರ ಮಾತೂ ನಡೆಯುತ್ತೆ. ದುಡ್ಡು ಹತ್ತಿರ ಇದ್ದಷ್ಟೂ ಕಣ್ಣಿಡುವುದು ಸುಲಭ.

ಪೈನ್ ತೋಪು ಅವರ ಮಾತು ನನಗೆ ಸರಿ ಅನ್ನಿಸಿತು. 'ಹೊಸದಾಗಿ ಏನು ಆಯ್ತು' ಅನ್ನೋದೇ ಸರಿಯಾದ ಪ್ರಶ್ನೆ.

ಒತ್ತಡ ಹಾಕಿದರೆ ಏನೂ ಆಗಲ್ಲ ಅಂತ ಮಾತ್ರ ಯಾರೂ ಅಂದುಕೊಳ್ಳಬೇಡಿ. 2016ರಲ್ಲಿ ಲೆಗಸಿ ಫ್ಲೋರಿಡಾ ಕಾನೂನು ಬಂತು, ಇದೇ ನಿಧಿಯಿಂದ ಎವರ್‌ಗ್ಲೇಡ್ಸ್‌ಗೆ ವರ್ಷಕ್ಕೆ 20 ಕೋಟಿ ಡಾಲರ್‌ವರೆಗೆ, ಬುಗ್ಗೆಗಳಿಗೆ 5 ಕೋಟಿ ಅಂತ ಬೇರೆ ಎತ್ತಿಟ್ಟರು. 2017ರ ಸೊನ್ನೆಗೆ ಜನ ರೇಗಿದ್ದಕ್ಕೆ ಮರುವರ್ಷ ಫ್ಲೋರಿಡಾ ಫಾರೆವರ್‌ಗೆ 10 ಕೋಟಿ ಬಂತು. 2024ರ ಆಗಸ್ಟ್‌ನಲ್ಲಿ ಜೊನಾಥನ್ ಡಿಕಿನ್ಸನ್ ಸ್ಟೇಟ್ ಪಾರ್ಕ್‌ನಲ್ಲಿ ಗಾಲ್ಫ್ ಮೈದಾನ ಮಾಡ್ತೀವಿ ಅಂದಾಗ ಏನಾಯ್ತು ನೆನಪಿದೆಯಲ್ಲ? ಎರಡೂ ಪಕ್ಷದ ಜನ ಬೀದಿಗೆ ಬಂದರು, ಕೆಲವೇ ದಿನದಲ್ಲಿ ಯೋಜನೆ ಬಿದ್ದುಹೋಯ್ತು. ಮರುವರ್ಷ ಪಾರ್ಕುಗಳಲ್ಲಿ ಗಾಲ್ಫ್ ಮೈದಾನ ಕಟ್ಟದಂತೆ ಕಾನೂನೇ ಆಯ್ತು. ಆದರೆ ಗಾಲ್ಫ್ ಮೈದಾನ ಕಣ್ಣಿಗೆ ಕಾಣುತ್ತೆ, ಬಜೆಟ್‌ನ ಸಾಲು ಕಾಣಲ್ಲ. ಅದನ್ನು ಕಾಣಿಸುವ ಕೆಲಸ ಯಾರಾದರೂ ಮಾಡಬೇಕು.

ಟ್ಯಾಂಪಾ ಶರಾವತಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಿನಿಯಾಪೊಲಿಸ್ ಮಾವ ಹೇಳಿದ ಥರ 'ಬದಲಿ ಆಗಬಾರದು' ಅನ್ನೋ ಮಾತು ಸೇರಿಸಿ ಇನ್ನೊಂದು ತಿದ್ದುಪಡಿ ತರಬಹುದಾ? ಅಷ್ಟು ದೂರ ಬೇಡ ಅಂದ್ರೆ ಈ ವರ್ಷವೇ ನಾನು ಎಲ್ಲಿಗೆ ಹೋಗಿ ಯಾರನ್ನು ಕೇಳಬೇಕು? ಇಲ್ಲಿಯ ಕನ್ನಡ ಕೂಟದಲ್ಲಿ ಇನ್ನೂ ಮೂರ್ನಾಲ್ಕು ಮನೆಯವರು ಬರ್ತೀನಿ ಅಂದಿದ್ದಾರೆ. ಕೆಲವರಿಗೆ ಇನ್ನೂ ಗ್ರೀನ್ ಕಾರ್ಡೇ, ಮತ ಇಲ್ಲ. ಅವರೂ ಮಾತಾಡಬಹುದಾ?

ಬಜೆಟ್ ಪುಸ್ತಕ:

ಹೊಸ ತಿದ್ದುಪಡಿ 2035ಕ್ಕೆ ಮೊದಲು ಹೇಗೂ ಬೇಕಾಗುತ್ತೆ, ಇಲ್ಲಾಂದ್ರೆ ಈ ಶೇ. 33 ಕೊಡಲೇಬೇಕು ಅನ್ನೋ ನಿಯಮವೇ ನಿಂತುಹೋಗುತ್ತೆ. ಆದರೆ 2025ರ ಕಾನೂನು ಸಹಿ ಸಂಗ್ರಹವನ್ನು ಬಹಳ ಬಿಗಿ ಮಾಡಿದೆ, ಅದಕ್ಕೆ ದೊಡ್ಡ ಸಂಘಟನೆಯೇ ಬೇಕು. ಈ ವರ್ಷಕ್ಕೆ ನೀವು ಮಾಡಬಹುದಾದ್ದು ಹೇಳ್ತೀನಿ.

ಅಧಿವೇಶನಕ್ಕೆ ಮುಂಚೆ ಪ್ರತಿ ಕೌಂಟಿಯ ಶಾಸಕರೆಲ್ಲ ಒಟ್ಟಿಗೆ ಕೂತು ಜನರ ಮಾತು ಕೇಳುವ ಡೆಲಿಗೇಷನ್ ಸಭೆ ಇರುತ್ತೆ. ಸಮ ಸಂಖ್ಯೆಯ ವರ್ಷ ಅಧಿವೇಶನ ಜನವರಿಯಲ್ಲಿ ಶುರು, ಬೆಸ ವರ್ಷ ಮಾರ್ಚ್‌ನಲ್ಲಿ. ಹಾಗಾಗಿ ಸಭೆಯ ತಾರೀಖು ಬದಲಾಗುತ್ತೆ, ಶಾಸಕರ ಆಫೀಸಿಗೆ ಫೋನ್ ಮಾಡಿ ಕೇಳಿ, ಹೆಸರು ಮೊದಲೇ ಬರೆಸಿ. ಮಾತಾಡಲು ಕೆಲವೇ ನಿಮಿಷ ಕೊಡ್ತಾರೆ. ಗ್ರೀನ್ ಕಾರ್ಡ್‌ನವರೂ ಧಾರಾಳವಾಗಿ ಮಾತಾಡಬಹುದು. ಮನೆ ಕೊಂಡು ಮಾರಿದ್ದರೆ ಅವರೂ ಆ ತೆರಿಗೆ ಕಟ್ಟಿದವರೇ.

ಹೋಗುವ ಮೊದಲು ಒಂದೇ ಒಂದು ಬಾಬತ್ತು ಆರಿಸಿಕೊಳ್ಳಿ. ಸ್ಟೇಟ್ ಪಾರ್ಕ್‌ಗಳ ಸಂಬಳದ ಸಾಲು ಆಗಬಹುದು. 2014-15ರ ಬಜೆಟ್ ತೆಗೆದು ಆಗ ಜನರಲ್ ರೆವಿನ್ಯೂ ಎಷ್ಟು ಇತ್ತು, ಬೇರೆ ನಿಧಿ ಎಷ್ಟು, ಹುದ್ದೆ ಎಷ್ಟು ಅಂತ ಬರೆದುಕೊಳ್ಳಿ. 2015-16ರದ್ದು ಪಕ್ಕದಲ್ಲಿ, ಈ ವರ್ಷದ್ದು ಅದರ ಪಕ್ಕದಲ್ಲಿ. ಒಂದು ಹಾಳೆ ಸಾಕು. ಪ್ರತಿ ಶಾಸಕರಿಗೂ ಒಂದೊಂದು ಪ್ರತಿ ಕೊಡಿ. ಅವರ ಪಕ್ಷದ ಸುದ್ದಿ ಎತ್ತಬೇಡಿ, 2014ರಲ್ಲಿ ಹೌದು ಅಂದವರಲ್ಲಿ ಅವರ ಮತದಾರರೂ ಇದ್ದಾರೆ.

ಇನ್ನೊಂದು ವಿಷಯ. ಅಂತಿಮ ಬಜೆಟ್ ಮೇಜಿನ ಮೇಲೆ ಬಂದ ಮೇಲೆ ಮತಕ್ಕೆ ಹಾಕಲು 72 ಗಂಟೆ ಕಾಯಬೇಕು ಅಂತ ನಿಯಮ ಇದೆ. ಆ ಮೂರು ದಿನದಲ್ಲಿ ಪರಿಸರ ಇಲಾಖೆಯ ಪುಟಗಳನ್ನು ನಿಮ್ಮ ಹಾಳೆ ಜತೆ ಹೋಲಿಸಿ ನೋಡಿ. ಆಮೇಲೆ ಗವರ್ನರ್ ಸಹಿಗೆ ಹೋಗುತ್ತೆ, ಒಂದೊಂದೇ ಬಾಬತ್ತನ್ನು ತೆಗೆದುಹಾಕುವ ಅಧಿಕಾರ ಅವರಿಗಿದೆ, ಆದರೆ ಹೊಸದಾಗಿ ಸೇರಿಸುವ ಅಧಿಕಾರ ಇಲ್ಲ. ಆದ್ದರಿಂದ ಫೋನ್ ಮಾಡಬೇಕಾದ್ದು ಅದಕ್ಕೆ ಮುಂಚೆ, ಎರಡೂ ಸದನದ ಸಮಿತಿಗಳು ಸಂಖ್ಯೆ ಹೊಂದಿಸುವ ವಾರದಲ್ಲಿ. ಹಾಳೆ ತಯಾರು ಮಾಡಿ ಇಲ್ಲೇ ಹಾಕಿ, ಲೆಕ್ಕ ನಾನು ಪರಿಶೀಲಿಸಿ ಕೊಡ್ತೀನಿ.

ಪೈನ್ ತೋಪು:

ಆ ಹಾಳೆಯಲ್ಲಿ ಹುದ್ದೆಗಳ ಸಂಖ್ಯೆ ಜತೆ ವರ್ಷಕ್ಕೆ ಎಷ್ಟು ಎಕರೆ ಬೆಂಕಿ ಕೊಟ್ಟರು ಅನ್ನುವ ಅಂಕಿಯನ್ನೂ ಸೇರಿಸಿ ಅಕ್ಕ. ಇಲಾಖೆಗೆ ಸಾರ್ವಜನಿಕ ದಾಖಲೆ ಕೇಳಿ ಒಂದು ಇಮೇಲ್ ಹಾಕಿದರೆ ಸಿಗುತ್ತೆ, ಇಲ್ಲಿಯ ಸಾರ್ವಜನಿಕ ದಾಖಲೆಗಳ ಕಾನೂನು ಅದಕ್ಕೇ ಇರೋದು. ಇಮೇಲ್ ಹೇಗೆ ಬರೆಯಬೇಕು ಅಂತ ಬೇಕಿದ್ದರೆ ಮೆಸೇಜ್ ಮಾಡಿ, ಕಳಿಸ್ತೀನಿ.